ಛಾಯಾಗ್ರಹಣದ ಅಭ್ಯಾಸ ಬದುಕಿಗೆ ನಿಜವಾಗಿ ಏನನ್ನು ಕಲಿಸುತ್ತದೆ?

ಹೊಂಬೆಳಕು:

ಛಾಯಾಗ್ರಹಣದಿಂದ ತಾಳ್ಮೆ ಬರುತ್ತದೆ, ಸಣ್ಣ ಸಂಗತಿಗಳಲ್ಲೂ ಚೆಲುವು ಕಾಣುತ್ತದೆ, ಕ್ಷಣದ ಬೆಲೆ ತಿಳಿಯುತ್ತದೆ ಎಂಬ ಮಾತುಗಳನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಅವು ಸುಳ್ಳಲ್ಲ. ಆದರೆ ತಾಳ್ಮೆಯನ್ನು ಗಾಳ ಹಾಕಿ ಕೂತವರೂ ಕಲಿಯುತ್ತಾರೆ, ಮಗ್ಗದ ಮುಂದೆ ಕೂತವರೂ ಕಲಿಯುತ್ತಾರೆ. ಅದಕ್ಕೆ ಕ್ಯಾಮೆರಾವೇ ಬೇಕೆಂದಿಲ್ಲ. ಆದ್ದರಿಂದ ಇಲ್ಲಿ ನನ್ನ ಕೋರಿಕೆ ಸ್ವಲ್ಪ ಬಿಗಿಯಾದದ್ದು. ಕ್ಯಾಮೆರಾ ಹಿಡಿದು ಮಾಡುವ ಯಾವುದಾದರೂ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ, ಆ ಕೆಲಸದಿಂದ ನಿಮ್ಮ ನಡವಳಿಕೆಯಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿಸಿ. ಕೆಲಸವನ್ನು ಹೆಸರಿಸಲಾಗದ ಪಾಠಗಳನ್ನು ಸದ್ಯಕ್ಕೆ ಬದಿಗಿಡೋಣ.

ನನ್ನಿಂದಲೇ ಆರಂಭಿಸುತ್ತೇನೆ. ನನಗೆ ಪಾಠ ಹೇಳಿದ್ದು ಲೈಟ್ ಮೀಟರ್. ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನು ಅಳೆಯುವ ಈ ಮೀಟರಿಗೆ ತನ್ನ ಮುಂದಿರುವುದು ಹಿಮವೋ ಇದ್ದಿಲೋ ತಿಳಿಯದು. ಯಾವ ದೃಶ್ಯವಾದರೂ ಸರಾಸರಿಯಲ್ಲಿ ನಡುಬೂದು ಬಣ್ಣಕ್ಕೆ ಹತ್ತಿರವಿರುತ್ತದೆ ಎಂಬ ಊಹೆಯ ಮೇಲೆ ಅದು ಲೆಕ್ಕ ಹಾಕುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಬೂದು ಕಾರ್ಡು ಆ ನಡುಬಣ್ಣಕ್ಕೆ ನಾವೆಲ್ಲ ಬಳಸುವ ಗುರುತು. ಹೀಗಾಗಿ ಫ್ರೇಮಿನ ತುಂಬ ಹಿಮವಿದ್ದರೆ ಮೀಟರ್ ಹೇಳಿದಂತೆ ತೆಗೆದ ಚಿತ್ರದಲ್ಲಿ ಹಿಮ ಬೂದಾಗುತ್ತದೆ, ಫ್ರೇಮಿನ ತುಂಬ ಕಪ್ಪು ಬಟ್ಟೆಯಿದ್ದರೆ ಅದೂ ಬೂದಾಗುತ್ತದೆ. ಬಿಳಿಯನ್ನು ಬಿಳಿಯಾಗಿ ತೋರಿಸಬೇಕಾದರೆ ಒಂದರಿಂದ ಎರಡು ಸ್ಟಾಪ್‌ವರೆಗೆ ಬೆಳಕನ್ನು ಹೆಚ್ಚಿಸಬೇಕು, ಅಂದರೆ ಎರಡರಿಂದ ನಾಲ್ಕು ಪಟ್ಟು ಬೆಳಕು ಕೊಡಬೇಕು. ಮೊದಲೇ ಬೆಳಗುತ್ತಿರುವುದಕ್ಕೆ ಇನ್ನಷ್ಟು ಬೆಳಕು ಕೊಡುವುದು ಆರಂಭದಲ್ಲಿ ಯಾರಿಗೂ ಸರಿಯೆನಿಸುವುದಿಲ್ಲ.

ಇಲ್ಲಿ ಮೀಟರ್ ಕೆಟ್ಟಿರುವುದಿಲ್ಲ. ಅದು ತನ್ನ ಊಹೆಗೆ ನಿಷ್ಠವಾಗಿರುತ್ತದೆ. ಊಹೆ ಏನೆಂಬುದನ್ನು ತಿಳಿಯದೆ ಅಂಕಿಯನ್ನು ಮಾತ್ರ ಓದುವವರಿಗೆ ಪ್ರಪಂಚವೆಲ್ಲ ಬೂದಾಗಿ ಕಾಣುತ್ತದೆ. ಇದು ಕೈಗೆ ರೂಢಿಯಾದ ಮೇಲೆ, ಮನುಷ್ಯರನ್ನು ಅಳೆಯುವಾಗ ನಾನು ಬಳಸುವ ಸರಾಸರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಅಭ್ಯಾಸ ಬಂತು. ಗಟ್ಟಿಯಾಗಿ ಮಾತನಾಡುವವರ ನಡುವೆ ಬೆಳೆದವರಿಗೆ ಮಿತಭಾಷಿಯೊಬ್ಬರು ಸಿಟ್ಟಿನಲ್ಲಿರುವಂತೆ ಕಾಣುತ್ತಾರೆ. ಅವರಲ್ಲಿ ಕೊರತೆಯೇನೂ ಇಲ್ಲ. ನನ್ನ ನಡುಬೂದು ಬೇರೆಯಾಗಿದೆ, ಅಷ್ಟೆ.

ನೆಗೆಟಿವ್ ಪೆಟ್ಟಿಗೆ:

ಒಳ್ಳೆಯ ಷರತ್ತು ಹಾಕಿದ್ದೀರಿ. ನಾನು ಹೆಸರಿಸುವ ಕೆಲಸ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವುದು, ಅಂದರೆ ಕತ್ತಲೆ ಕೋಣೆಯಲ್ಲಿ ನೆಗೆಟಿವಿನ (ಬೆಳಕು ನೆರಳುಗಳು ತಿರುಗುಮುರುಗಾಗಿ ಮೂಡಿದ ಫಿಲ್ಮಿನ) ಮೂಲಕ ಬೆಳಕು ಹಾಯಿಸಿ ಕಾಗದದ ಮೇಲೆ ಚಿತ್ರ ತರುವುದು. ಅದನ್ನು ಹೇಳಲು ಅಮೆರಿಕದ ಛಾಯಾಗ್ರಾಹಕ ಅನ್ಸೆಲ್ ಆಡಮ್ಸ್ ಅವರ ಒಂದು ಪ್ರಸಿದ್ಧ ಚಿತ್ರದ ಕಥೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ಕಥೆಯ ಅರ್ಧವನ್ನು ಮಾತ್ರ ಜನ ಹೇಳುತ್ತಾರೆ.

ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿರುವಾಗ, ಮುಳುಗುವ ಸೂರ್ಯನ ಕೊನೆಯ ಬೆಳಕು ಸಮಾಧಿಗಳ ಬಿಳಿ ಶಿಲುಬೆಗಳ ಮೇಲೆ ಬಿದ್ದಿತ್ತು. ಆಡಮ್ಸ್ ಅವಸರದಲ್ಲಿ ದೊಡ್ಡ ಕ್ಯಾಮೆರಾವನ್ನು ಹೂಡಿದರು, ಆದರೆ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಅಂಕಿ, ಅಂದರೆ ಚದರ ಅಡಿಗೆ 250 ಕ್ಯಾಂಡಲ್, ಅವರಿಗೆ ನೆನಪಿತ್ತು. ಅದರಿಂದಲೇ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬೀಳಬೇಕೆಂಬುದನ್ನು, ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಇಲ್ಲಿಗೆ ಎಲ್ಲರೂ ಕಥೆ ಮುಗಿಸಿ, ಸಿದ್ಧತೆಯಿದ್ದವರಿಗೆ ಅದೃಷ್ಟ ಒಲಿಯುತ್ತದೆ ಎಂದುಬಿಡುತ್ತಾರೆ.

ಉಳಿದರ್ಧ ಹೀಗಿದೆ. ಆ ನೆಗೆಟಿವ್ ಪ್ರಿಂಟ್ ಹಾಕಲು ಬಹಳ ಕಷ್ಟದ್ದಾಗಿತ್ತು. ಕೆಳಭಾಗ ತೀರ ತೆಳುವಾಗಿದ್ದುದರಿಂದ, ಅವರು 1948ರಲ್ಲಿ ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಅದೇ ಒಂದು ನೆಗೆಟಿವಿನಿಂದ ದಶಕಗಳ ಕಾಲ ಸಾವಿರಕ್ಕೂ ಹೆಚ್ಚು ಪ್ರಿಂಟ್‌ಗಳನ್ನು ಹಾಕಿದರು. ಆರಂಭದ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡದ ಎಳೆಗಳು ಕಾಣುತ್ತವೆ. ಕೊನೆಯ ವರ್ಷಗಳವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿದೆ. ನೆಗೆಟಿವ್ ಸಂಗೀತದ ಸ್ವರಲಿಪಿಯಿದ್ದಂತೆ, ಪ್ರಿಂಟ್ ಅದರ ಕಛೇರಿಯಿದ್ದಂತೆ ಎಂಬುದು ಅವರದೇ ಹೋಲಿಕೆ.

ಡಾರ್ಕ್‌ರೂಮಿನಲ್ಲಿ ನನಗೆ ತಿಳಿದದ್ದು ಇದೇ. ಶಟರ್ ಬಿದ್ದ ಮೇಲೆ ನೆಗೆಟಿವಿನಲ್ಲಿ ಇಲ್ಲದ್ದನ್ನು ಎಷ್ಟು ಹೊತ್ತು ಬೆಳಕು ಹಾಯಿಸಿದರೂ ಕಾಗದದ ಮೇಲೆ ತರಲಾಗದು. ಇರುವುದನ್ನು ಮಾತ್ರ ಹತ್ತು ಬಗೆಯಾಗಿ ತರಬಹುದು; ಒಂದೆಡೆ ಕೈಯಡ್ಡ ಹಿಡಿದು ಬೆಳಕು ತಡೆಯಬಹುದು, ಇನ್ನೊಂದೆಡೆ ಹೆಚ್ಚು ಬೆಳಕು ಕೊಟ್ಟು ಗಾಢಗೊಳಿಸಬಹುದು. ನಡೆದುಹೋದ ಸಂಗತಿಗಳ ಬಗ್ಗೆ ನನಗೆ ಮೊದಲಿದ್ದ ಎರಡು ಅತಿಗಳು, ಅಂದರೆ ಎಲ್ಲವನ್ನೂ ಸರಿಪಡಿಸಬಹುದೆಂಬ ಹುಮ್ಮಸ್ಸು ಮತ್ತು ಇನ್ನೇನೂ ಮಾಡಲಾಗದೆಂಬ ಕೈಚೆಲ್ಲುವಿಕೆ, ಈ ಕೆಲಸದಿಂದ ಬಹಳ ಮಟ್ಟಿಗೆ ಸಡಿಲಗೊಂಡವು.

ಒಂದು ಉಪಕಥೆ: ಚಂದ್ರನ ಪ್ರಕಾಶವನ್ನು ನೆನಪಿಟ್ಟ ಆಡಮ್ಸ್ ಅವರಿಗೆ ಆ ಚಿತ್ರ ತೆಗೆದ ವರ್ಷವೇ ಖಚಿತವಾಗಿ ನೆನಪಿರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಕೊಟ್ಟರು. ಕೊನೆಗೆ ಚಿತ್ರದಲ್ಲಿ ಚಂದ್ರನಿದ್ದ ಸ್ಥಾನವನ್ನು ಲೆಕ್ಕ ಹಾಕಿದ ಖಗೋಳಾಸಕ್ತರು ಅದು 1941ರ ನವೆಂಬರ್ 1ರ ಸಂಜೆ ಎಂದು ನಿರ್ಧರಿಸಿದರು.

ಸಂದೇಹಿ:

ಇಬ್ಬರ ಬರಹವೂ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಾಗಿಲ್ಲ. ಮೀಟರಿನಿಂದ ಪೂರ್ವಗ್ರಹದ ಅರಿವು, ನೆಗೆಟಿವಿನಿಂದ ಗತಕಾಲದ ಅರಿವು ಎಂದಾಗ, ನಿಮಗೆ ಮೊದಲೇ ಗೊತ್ತಿದ್ದ ವಿವೇಕಕ್ಕೆ ಕ್ಯಾಮೆರಾದ ಭಾಷೆಯನ್ನು ತೊಡಿಸಿದಂತೆ ಕಾಣುತ್ತದೆ. ಮೀಟರನ್ನು ಕರಗತ ಮಾಡಿಕೊಂಡೂ ಜನರನ್ನು ಅತ್ಯಂತ ಅವಸರದಲ್ಲಿ ಅಳೆಯುವ ಛಾಯಾಗ್ರಾಹಕರು ನಮ್ಮಲ್ಲಿ ಕಡಿಮೆಯೇ?

ಅಷ್ಟೇ ಅಲ್ಲ, ಕ್ಯಾಮೆರಾ ಕಿತ್ತುಕೊಳ್ಳುವುದೂ ಉಂಟು. ಲಿಂಡಾ ಹೆಂಕಲ್ ಎಂಬ ಮನೋವಿಜ್ಞಾನಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದವರಿಗೆ ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಲಾಗಿತ್ತು. ಮರುದಿನ ಪರೀಕ್ಷಿಸಿದಾಗ ಫೋಟೋ ತೆಗೆದ ವಸ್ತುಗಳ ನೆನಪೇ ಕಡಿಮೆಯಿತ್ತು. ಹೆಚ್ಚು ನೋಡಲು ಕಲಿಸುತ್ತದೆ ಎನ್ನುವ ಹವ್ಯಾಸದ ಬಗ್ಗೆ ಇದು ಮುಜುಗರದ ಸಂಗತಿಯಲ್ಲವೇ?

ಮುಖಪರಿಚಯ:

ಸಂದೇಹಿ ಅವರೇ, ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನೂ ಸೇರಿಸಿಕೊಳ್ಳಿ. ಇಡೀ ವಸ್ತುವಿನ ಬದಲು ಅದರ ಒಂದು ಭಾಗವನ್ನು ಝೂಮ್ ಮಾಡಿ ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ. ಅವರು ಫ್ರೇಮಿನ ಹೊರಗಿಟ್ಟ ಭಾಗದ ನೆನಪೂ ಉಳಿದಿತ್ತು. ನೆನಪನ್ನು ಕಸಿಯುವುದು ಕ್ಯಾಮೆರಾವಲ್ಲ, ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂದು ನಾವು ನೋಡುವುದನ್ನು ಬಿಡುವುದು ಎಂದು ನಾನು ಅದನ್ನು ಓದಿಕೊಂಡಿದ್ದೇನೆ.

ಆದರೆ ನಿಮ್ಮ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪಾಠ ತಾನಾಗಿ ಬರುವುದಿಲ್ಲ ಎಂಬುದಕ್ಕೆ ನಾನು ಮಾಡುವ ಕೆಲಸವೇ ಸಾಕ್ಷಿ. ನಾನು ಅಪರಿಚಿತರ ಮುಖಗಳನ್ನು ತೆಗೆಯುತ್ತೇನೆ. ಈ ಪ್ರಕಾರದಲ್ಲಿ ಎಲ್ಲರೂ ಬಲ್ಲ ಚಿತ್ರವೆಂದರೆ ಡೊರೊಥಿಯಾ ಲ್ಯಾಂಗ್ ಅವರು 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೊಯ್ಲುಗಾರರ ಬಿಡಾರದಲ್ಲಿ ತೆಗೆದ ವಲಸೆ ತಾಯಿಯ ಚಿತ್ರ. ಆರ್ಥಿಕ ಮುಗ್ಗಟ್ಟಿನ ಆ ಕಾಲದ ಬವಣೆಗೆ ಅದೇ ಮುಖವಾಯಿತು. ಆ ಹೆಂಗಸಿನ ಹೆಸರನ್ನಾಗಲೀ ಕಥೆಯನ್ನಾಗಲೀ ತಾವು ಕೇಳಲಿಲ್ಲವೆಂದು ಲ್ಯಾಂಗ್ ಅವರೇ ಮುಂದೆ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಹೊರಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಬೇಸರ ಆಕೆಗಿತ್ತು. ಕಾರಿನ ಟೈರುಗಳನ್ನು ಮಾರಿ ಊಟಕ್ಕೆ ದಾರಿ ಮಾಡಿಕೊಂಡಿದ್ದರು ಎಂಬ ಲ್ಯಾಂಗ್ ಅವರ ವಿವರಣೆಯನ್ನೂ ಕುಟುಂಬದವರು ಅಲ್ಲಗಳೆದರು.

ಇದರಿಂದ ಲ್ಯಾಂಗ್ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆ ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಚಿತ್ರ ಲೋಕಕ್ಕೆ ಉಪಕಾರವನ್ನೇ ಮಾಡಿತು. ಒಂದು ಚಿತ್ರ ಲೋಕದ ಪಾಲಿಗೆ ಸತ್ಯವಾಗಿದ್ದುಕೊಂಡೇ ಅದರೊಳಗಿನ ಒಬ್ಬ ವ್ಯಕ್ತಿಯ ಪಾಲಿಗೆ ಅನ್ಯಾಯವಾಗಿರಬಹುದು ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಆದ್ದರಿಂದ ನನ್ನ ಕೆಲಸದ ಕ್ರಮ ಹೀಗೆ: ಮೊದಲು ಹೆಸರು ಕೇಳುವುದು, ತೆಗೆದದ್ದನ್ನು ಅವರಿಗೇ ಮೊದಲು ತೋರಿಸುವುದು, ಬೇಡವೆಂದರೆ ಅವರ ಕಣ್ಣೆದುರೇ ಅಳಿಸುವುದು. ಹೀಗೆ ತೋರಿಸುವಾಗ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ನಾನು ಅತ್ಯುತ್ತಮವೆಂದುಕೊಂಡ ಚಿತ್ರವನ್ನು ಅವರು ಬದಿಗೆ ಸರಿಸಿ, ನನಗೆ ಸಪ್ಪೆಯಾಗಿ ಕಂಡದ್ದನ್ನು ಇದು ನಾನು ಎಂದು ಎತ್ತಿಕೊಳ್ಳುತ್ತಾರೆ. ಮನೆಯಲ್ಲೂ ಈಗ ಯಾರ ಬಗ್ಗೆಯಾದರೂ ಅವರ ಸ್ವಭಾವವೇ ಹಾಗೆ ಎಂದು ಹೇಳುವ ಮುನ್ನ, ಈ ವಿವರಣೆಯನ್ನು ಅವರಿಗೆ ತೋರಿಸಿದರೆ ಗುರುತು ಹಿಡಿಯುವರೇ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಇದು ಕ್ಯಾಮೆರಾದಿಂದ ಬಂದದ್ದಲ್ಲ, ಚಿತ್ರವನ್ನು ತಿರುಗಿಸಿ ತೋರಿಸುವ ಕ್ರಮದಿಂದ ಬಂದದ್ದು. ಆ ಕ್ರಮವಿಲ್ಲದವರಿಗೆ ಬರದಿರಬಹುದು.

ಹೊಸಬ:

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಬಳಿ ಇರುವುದು ಫೋನ್ ಮಾತ್ರ. ಅದು ಒಂದರ ಹಿಂದೊಂದು ಹಲವು ಫ್ರೇಮುಗಳನ್ನು ತೆಗೆದು, ತಾನೇ ಬೆರೆಸಿ, ನೆರಳನ್ನೂ ಬೆಳಕನ್ನೂ ತಾನೇ ಸರಿಮಾಡಿ ಕೊಡುತ್ತದೆ. ಮೀಟರೂ ಇಲ್ಲ, ಡಾರ್ಕ್‌ರೂಮೂ ಇಲ್ಲ. ನನ್ನಂಥವರಿಗೆ ಕಲಿಯಲು ಏನು ಉಳಿದಿದೆ?

ನೆಗೆಟಿವ್ ಪೆಟ್ಟಿಗೆ:

ಫೋನ್ ನಿಮ್ಮ ಪರವಾಗಿ ಮಾಡಲಾಗದ ಎರಡು ಕೆಲಸಗಳು ಉಳಿದಿವೆ, ಮತ್ತು ಅವೇ ದೊಡ್ಡವು. ಮೊದಲನೆಯದು ಎಲ್ಲಿ ನಿಲ್ಲಬೇಕೆಂಬುದು. ಝೂಮ್ ಮುಟ್ಟದೆ ಕೆಲವು ಕಾಲ ತೆಗೆದು ನೋಡಿ. ಎರಡು ಹೆಜ್ಜೆ ಬದಿಗೆ ಸರಿದರೆ ತಲೆಯ ಹಿಂದಿನಿಂದ ಚಿಗುರಿದಂತಿದ್ದ ಕಂಬ ಮಾಯವಾಗುತ್ತದೆ, ಮಂಡಿಯೂರಿದರೆ ಮಗುವಿನ ಮುಖ ಮಗುವಿನ ಎತ್ತರದಿಂದ ಕಾಣುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಕಾರ್ತಿಯೇ ಬ್ರೆಸೋನ್ ಅವರು ತಮ್ಮ ಬಹುಪಾಲು ಕೆಲಸವನ್ನು ಒಂದೇ 50 ಮಿಲಿಮೀಟರ್ ಲೆನ್ಸಿನಿಂದ ಮಾಡಿದರು, ಉಳಿದದ್ದನ್ನೆಲ್ಲ ಕಾಲು ಮಾಡಿತು. ಕಿಟಕಿಯ ಪಕ್ಕ ಯಾರನ್ನಾದರೂ ಕೂರಿಸಿ, ಅವರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸರಿಸುತ್ತ ಹೋದರೂ ಬಹಳಷ್ಟು ತಿಳಿಯುತ್ತದೆ. ಕಿಟಕಿಗೆ ಹತ್ತಿರವಿದ್ದಾಗ ಮೃದುವಾಗಿದ್ದ ನೆರಳಿನ ಅಂಚು ದೂರ ಸರಿದಂತೆ ಗಟ್ಟಿಯಾಗುವುದನ್ನು ನೀವೇ ಕಾಣುವಿರಿ.

ಎರಡನೆಯದು ಆರಿಸುವುದು. ಫೋನಿನಲ್ಲಿ ತುಂಬಿರುವುದು ಚಿತ್ರಗಳಲ್ಲ, ಆರಿಸದ ಫ್ರೇಮುಗಳು. ತೆಗೆದ ದಿನವೇ ಆರಿಸಬೇಡಿ. ಗ್ಯಾರಿ ವಿನೋಗ್ರ್ಯಾಂಡ್ ಎಂಬ ಬೀದಿ ಛಾಯಾಗ್ರಾಹಕರು ತೆಗೆದ ರೋಲುಗಳನ್ನು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಡೆವಲಪ್ ಮಾಡದೆ, ಅಂದರೆ ರಾಸಾಯನಿಕದಲ್ಲಿ ಅದ್ದಿ ಚಿತ್ರ ಮೂಡಿಸದೆ, ಇಡುತ್ತಿದ್ದರು. ತೆಗೆಯುವಾಗ ಇದ್ದ ಸಂತೋಷವನ್ನು ಚಿತ್ರದ ಗುಣವೆಂದು ತಾನು ಭ್ರಮಿಸಬಾರದು ಎಂಬುದು ಅದರ ಹಿಂದಿನ ವಿಚಾರ. ಬೆಟ್ಟ ಹತ್ತಿದ ಆಯಾಸ, ಜೊತೆಗಿದ್ದವರ ನಗು, ಇವೆಲ್ಲ ನಮಗೆ ಚಿತ್ರದೊಳಗೆ ಇದ್ದಂತೆ ಕಾಣುತ್ತವೆ, ನೋಡುವವರಿಗೆ ಕಾಣುವುದಿಲ್ಲ. ಕೋಪದಲ್ಲಿ ಬರೆದ ಪತ್ರಕ್ಕೂ ಖುಷಿಯಲ್ಲಿ ಕೊಟ್ಟ ಮಾತಿಗೂ ನಾನು ಈಗ ಇದೇ ಕ್ರಮ ಅನುಸರಿಸುತ್ತೇನೆ. ವರ್ಷಗಟ್ಟಲೆ ಅಲ್ಲದಿದ್ದರೂ ಒಂದು ರಾತ್ರಿಯಾದರೂ ಇಡುತ್ತೇನೆ.

ಸಂದೇಹಿ:

ವಿನೋಗ್ರ್ಯಾಂಡ್ ಅವರ ಉದಾಹರಣೆಯನ್ನೂ ನೀವು ಅರ್ಧಕ್ಕೇ ನಿಲ್ಲಿಸಿದಿರಿ. ಅವರು 1984ರಲ್ಲಿ ತೀರಿಕೊಂಡಾಗ ಡೆವಲಪ್ ಮಾಡದ ಸುಮಾರು 2,500 ರೋಲುಗಳು ಉಳಿದಿದ್ದವು. ಆ ಹತ್ತಾರು ಸಾವಿರ ಫ್ರೇಮುಗಳನ್ನು ಅವರು ಒಮ್ಮೆಯೂ ನೋಡಲಿಲ್ಲ. ವಿವೇಕದಿಂದ ಆರಂಭವಾದ ಕಾಯುವಿಕೆ ಎಲ್ಲಿ ಮುಂದೂಡಿಕೆಯಾಯಿತು ಎಂಬುದನ್ನು ಯಾವ ಮೀಟರೂ ತೋರಿಸಲಿಲ್ಲ.

ಆದರೂ ಮುಖಪರಿಚಯ ಅವರ ಬರಹದ ನಂತರ ನನ್ನ ನಿಲುವನ್ನು ಸ್ವಲ್ಪ ಸಡಿಲಿಸುತ್ತೇನೆ. ಛಾಯಾಗ್ರಹಣಕ್ಕೇ ವಿಶಿಷ್ಟವೆಂದು ನಾನು ಒಪ್ಪುವ ಪಾಠ ಒಂದಿದೆ: ಕಂಡದ್ದಕ್ಕೂ ಚಿತ್ರದಲ್ಲಿ ಉಳಿದದ್ದಕ್ಕೂ ನಡುವಿನ ಅಂತರ. ಛಾಯಾಗ್ರಹಣವನ್ನು ಆರಂಭಿಸಿದವರಲ್ಲಿ ಒಬ್ಬರಾದ ದಾಗೇರ್ ಅವರು 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು ತೆಗೆದ ಚಿತ್ರದಲ್ಲಿ ಬೀದಿ ಬರಿದಾಗಿ ಕಾಣುತ್ತದೆ. ನಿಜವಾಗಿ ಅಲ್ಲಿ ಗಾಡಿಗಳೂ ಜನರೂ ಓಡಾಡುತ್ತಲೇ ಇದ್ದರು. ಎಕ್ಸ್‌ಪೋಷರ್ ಹಲವು ನಿಮಿಷಗಳದ್ದಾಗಿದ್ದರಿಂದ ಚಲಿಸಿದವರ ಗುರುತೇ ಚಿತ್ರ ಮೂಡುವ ಲೋಹದ ತಟ್ಟೆಯ ಮೇಲೆ ಬೀಳಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ, ಅವನ ಬಳಿ ಪಾಲಿಶ್ ಮಾಡುತ್ತಿದ್ದವನ ಆಕೃತಿ, ಇಷ್ಟು ಮಾತ್ರ ಉಳಿದವು. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇರಲಿಲ್ಲ ಎನ್ನುವವರಿಗೆಲ್ಲ ನಾನು ಈ ಚಿತ್ರವನ್ನು ತೋರಿಸುತ್ತೇನೆ. ಕುಟುಂಬದ ಆಲ್ಬಮುಗಳಲ್ಲೂ ಇದೇ ನಡೆಯುತ್ತದೆ: ಸಮಾರಂಭಗಳಿರುತ್ತವೆ, ಆಸ್ಪತ್ರೆಯ ರಾತ್ರಿಗಳಿರುವುದಿಲ್ಲ, ಮತ್ತು ಎಲ್ಲ ಚಿತ್ರಗಳನ್ನು ತೆಗೆದವರು ಒಂದರಲ್ಲೂ ಇರುವುದಿಲ್ಲ.

ಹೊಂಬೆಳಕು:

ಈ ಕೊನೆಯ ಮಾತನ್ನು ನಮ್ಮ ಆಲ್ಬಮಿನಲ್ಲೇ ಪರೀಕ್ಷಿಸಿ ನೋಡಿದೆ, ಅಕ್ಷರಶಃ ನಿಜ. ಮೊದಲೇ ಗೊತ್ತಿದ್ದ ವಿವೇಕಕ್ಕೆ ಕ್ಯಾಮೆರಾದ ಭಾಷೆ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೆ. ಗೊತ್ತಿರುವುದು ಬೇರೆ, ಬೆರಳಿಗೆ ರೂಢಿಯಾಗುವುದು ಬೇರೆ. ಊಹೆಯನ್ನು ಪ್ರಶ್ನಿಸಬೇಕು ಎಂದು ನೂರು ಸಲ ಓದಿದ್ದವರಿಗೂ, ಹಿಮ ಬೂದಾಗಿ ಬಂದ ಚಿತ್ರ ಕೈಯಲ್ಲಿರುವಾಗ ಅದು ಬೇರೆ ರೀತಿಯಲ್ಲಿ ತಾಗುತ್ತದೆ, ಏಕೆಂದರೆ ಇಲ್ಲಿ ವಾದಿಸಿ ಗೆಲ್ಲುವ ಅವಕಾಶವಿಲ್ಲ.

ರೆಕ್ಕೆಪುಕ್ಕ:

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ನಾನು ಹಕ್ಕಿಗಳನ್ನು ತೆಗೆಯುವವಳು. ತಾಳ್ಮೆಯನ್ನು ಆರಂಭದಲ್ಲೇ ಬದಿಗಿಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಹಕ್ಕಿ ತೆಗೆಯುವವರಿಗೆ ಅದರ ಬಗ್ಗೆ ಸಿಗುವ ಹೊಗಳಿಕೆಯಲ್ಲಿ ಅರ್ಧ ಅನರ್ಹವಾದದ್ದು. ಗಂಟೆಗಟ್ಟಲೆ ಕೂತಿರುವುದು ದೊಡ್ಡದಲ್ಲ. ಎದ್ದು ಹೋಗುವುದು ಯಾವಾಗ ಎಂದು ತಿಳಿಯುವುದು ದೊಡ್ಡದು. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಗೂಡಿಗೆ ಹೋಗದೆ ದೂರದ ಕೊಂಬೆಯಲ್ಲೇ ಕೂತು ಎಚ್ಚರಿಕೆಯ ಕೂಗು ಹಾಕುತ್ತಿದ್ದರೆ ಅದಕ್ಕೆ ಅಡ್ಡಿ ನಾನೇ. ಆಗ ಬೆಳಕು ಎಷ್ಟೇ ಸೊಗಸಾಗಿರಲಿ, ಮರಿಗಳ ಪಾಲಿಗೆ ಅದು ಹಸಿವಿನ ಹೊತ್ತು. ಮೊಟ್ಟೆಗೆ ಕಾವು ಕೊಡುವ ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆಗಳು ತಣ್ಣಗಾಗಬಹುದು, ಬಿಸಿಲಿಗೆ ಬೇಯಬಹುದು, ಬೇಟೆಗಾರ ಪ್ರಾಣಿಗಳ ಕಣ್ಣಿಗೂ ಬೀಳಬಹುದು. ಈ ಕಾರಣಕ್ಕಾಗಿಯೇ ಗೂಡಿನ ಚಿತ್ರಗಳನ್ನು ಸ್ವೀಕರಿಸದ ಛಾಯಾಚಿತ್ರ ಸ್ಪರ್ಧೆಗಳಿವೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ನಾನು ಸುಮ್ಮನೆ ನೋಡುತ್ತಿದ್ದೇನೆ ಎಂಬ ಮಾತನ್ನು ಹಕ್ಕಿಗಳು ನಂಬುವುದಿಲ್ಲ. ಸಂಬಂಧಿಕರ ಮನೆಯ ಜಗಳದಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳುವುದೂ ನಿಜವಾಗಿ ಸುಮ್ಮನಿರುವುದಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ಹೊಂಬೆಳಕು ಅವರ ಮೊದಲ ಬರಹಕ್ಕೆ ಒಂದು ತಿದ್ದುಪಡಿ ಸೇರಿಸಬೇಕಿದೆ, ಹೊಸಬರು ಅದನ್ನೇ ನಿಯಮವೆಂದು ಹಿಡಿಯಬಾರದೆಂಬ ಕಾರಣಕ್ಕೆ. ಬಿಳಿಗೆ ಬೆಳಕು ಹೆಚ್ಚಿಸಬೇಕೆಂಬುದು ಬಿಳಿ ಬಣ್ಣ ಫ್ರೇಮನ್ನು ತುಂಬಿದ್ದಾಗ ಮಾತ್ರ ನಿಜ. ಗಾಢವಾದ ನೀರಿನ ಮುಂದೆ ಬೆಳ್ಳಕ್ಕಿಯೊಂದು ಸಣ್ಣದಾಗಿ ನಿಂತಿದೆ ಎಂದುಕೊಳ್ಳಿ. ಮೀಟರ್ ನೋಡುವುದು ಕಪ್ಪು ನೀರನ್ನು; ಅದನ್ನು ಬೂದಾಗಿಸಲು ಇಡೀ ಫ್ರೇಮಿಗೆ ಬೆಳಕು ಸುರಿಯುತ್ತದೆ, ಹಕ್ಕಿಯ ಗರಿಗಳ ವಿವರವೆಲ್ಲ ಸುಟ್ಟುಹೋಗುತ್ತದೆ. ಡಿಜಿಟಲ್‌ನಲ್ಲಿ ಹಾಗೆ ಪೂರ್ತಿ ಸುಟ್ಟ ಬಿಳಿಯನ್ನು ಮರಳಿ ತರಲಾಗದು, ನೆರಳನ್ನಾದರೆ ಒಂದಿಷ್ಟು ಎತ್ತಬಹುದು. ಅಲ್ಲಿ ನೀವು ಬೆಳಕನ್ನು ಕಡಿಮೆ ಮಾಡಬೇಕು. ಅದೇ ಹಕ್ಕಿ, ಅದೇ ಬಿಳುಪು, ಹಿನ್ನೆಲೆ ಬದಲಾದ ಕೂಡಲೇ ತಿದ್ದುಪಡಿಯ ದಿಕ್ಕು ತಿರುಗಿತು.

ಹೊಂಬೆಳಕು:

ಒಪ್ಪಿದೆ. ನನ್ನ ಮಿತಭಾಷಿಯ ಉದಾಹರಣೆಗೂ ಇದು ಅನ್ವಯಿಸುತ್ತದೆ ಎಂದು ಕಾಣುತ್ತದೆ. ಅವರು ಯಾರ ನಡುವೆ ಕೂತಿದ್ದಾರೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೊಸಬ:

ಫೋನಿನಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟಾಗ ಪಕ್ಕದಲ್ಲಿ ಸೂರ್ಯನ ಸಣ್ಣ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆದರೆ ನೀವು ಹೇಳಿದ ತಿದ್ದುಪಡಿ ಆಗುತ್ತದೆಯೇ?

ರೆಕ್ಕೆಪುಕ್ಕ:

ಆಗುತ್ತದೆ. ಗರಿಗಳ ನಡುವಿನ ಗೆರೆಗಳು ಕಾಣುವವರೆಗೆ ಎಳೆಯಿರಿ, ನೀರು ಕಪ್ಪಾದರೆ ಆಗಲಿ ಬಿಡಿ. ತೆಗೆದ ಮೇಲೆ ಆ ಚಿತ್ರವನ್ನು ಇಲ್ಲಿ ಹಾಕಿದರೆ ಎಲ್ಲರೂ ನೋಡಿ ಹೇಳಬಹುದು.